ಸೆರಗಿಗೊಂದು ಫೈಲು, ಶಿಲ್ಪಕ್ಕೊಂದು

ಮನೆ ಕಂಪ್ಯೂಟರುಗಳ ಮೊದಲ ದಿನಗಳಲ್ಲಿ ಯಾವ ಚಿತ್ರ-ಫೈಲು ಮೇಲು ಎಂಬ ಜಗಳವೆಲ್ಲ ಗಾತ್ರದ್ದೇ. ಬೇರೆ ದಾರಿಯೂ ಇರಲಿಲ್ಲ: 640ಕ್ಕೆ 480 ಚುಕ್ಕೆಗಳ, ಪೂರ್ಣ ಬಣ್ಣದ ಒಂದು ಬಿಎಂಪಿಗೆ 9 ಲಕ್ಷ ಬೈಟಿಗೂ ಮಿಕ್ಕಿ ಜಾಗ ಬೇಕು, 1.44 ಎಂಬಿ ಫ್ಲಾಪಿಯಲ್ಲಿ ಎರಡನೆಯದು ಹಿಡಿಸದು. ಆದರೆ ಇಳಕಲ್ ಸೀರೆಗೂ ಬಾದಾಮಿಯ ಕಲ್ಲಿಗೂ ಈ ಫೈಲುಗಳನ್ನು ಒರೆಹಚ್ಚಿದರೆ ತೀರ್ಪು ಬೇರೆಯಾಗುತ್ತದೆ.

ತೋಪು ತೆನೆ ಸೆರಗಿನಲ್ಲಿ ಕೆಂಪು ಪಟ್ಟೆ ಮೂರು, ನಡುವೆ ಬಿಳಿ ಎರಡು. ಬಣ್ಣ ಕಡಿಮೆ, ಗೆರೆ ಖಚಿತ. ಇದನ್ನು ಕಂಪ್ಯೂಟರಿನಲ್ಲೇ ಬರೆದುಕೊಂಡರೆ ಪಿಸಿಎಕ್ಸ್‌ನಂಥ ಸರಳ ಫೈಲು ಸಾಕು. ಸಾಲಿನಲ್ಲಿ ಒಂದೇ ಬಣ್ಣದ ಚುಕ್ಕೆಗಳನ್ನು 63ರವರೆಗೆ ಎಣಿಸಿ, 'ಇಷ್ಟು ಕೆಂಪು' ಎಂದು ಎರಡೇ ಬೈಟಿನಲ್ಲಿ ಬರೆದಿಡುತ್ತದೆ. ಹೀಗಾಗಿ ಸೀರೆಯನ್ನು ಹೇಗೆ ಹಾಸಿದಿರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ! ದಡಿಯ ಸಣ್ಣ ಗೀರುಗಳು ಅಡ್ಡಕ್ಕಿದ್ದರೆ 640 ಚುಕ್ಕೆಗಳ ಸಾಲು 22 ಬೈಟಿಗೆ ಇಳಿಯುತ್ತದೆ. ಚಿತ್ರ ಉದ್ದಕ್ಕೆ ತಿರುಗಿ ಎರಡೆರಡು ಚುಕ್ಕೆಗೆ ಬಣ್ಣ ಬದಲಾಯಿತೋ, ಒಂದು ಬೈಟೂ ಉಳಿಯದು. 1987ರ ಜಿಫ್ ಇನ್ನೂ ಜಾಣ. ಹಿಂದೆ ಬಂದ ಜೋಡಣೆಯನ್ನು ನೆನಪಿಟ್ಟುಕೊಳ್ಳುವುದರಿಂದ ಕಸೂತಿಯ ಗೋಪುರ, ಆನೆ ಮರಳಿ ಬಂದಷ್ಟೂ ಅದಕ್ಕೆ ಲಾಭ. ಒಂದು ಹೊಲಿಗೆಯೂ ತಪ್ಪದು.

1992ರ ಜೆಪೆಗ್ ಇಲ್ಲಿ ಸೋಲುತ್ತದೆ, ಕೆಟ್ಟದಾಗಿಯೇ. ಚಿತ್ರವನ್ನು 8ಕ್ಕೆ 8ರ ಚೌಕಗಳಾಗಿಸಿ, ಕಣ್ಣು ಗಮನಿಸದು ಎಂದು ಬಗೆದ ವಿವರಗಳನ್ನು ಬಿಟ್ಟುಬಿಡುತ್ತದೆ. ಬಣ್ಣದ ವಿಷಯದಲ್ಲಂತೂ ಇನ್ನೂ ಧಾರಾಳಿ. ಹಸಿರು ಒಡಲಿನ ಮೇಲೆ ಒಂದೇ ಚುಕ್ಕೆ ದಪ್ಪದ ಕೆಂಪು ಹೊಲಿಗೆ ಕದಡಿ ಹರಡುತ್ತದೆ. ತಿದ್ದಿ ಮತ್ತೆ ಉಳಿಸಿದಾಗ ಇನ್ನಷ್ಟು. ಚುಕ್ಕೆ ನೋಡಿ ಎಳೆ ಎಣಿಸುವ ನೇಕಾರರಿಗೆ ಇಂಥ ನಕ್ಷೆಯಿಂದ ಏನು ಉಪಯೋಗ?

ಬಾದಾಮಿಯಲ್ಲಿ ಆಟ ತಿರುವುಮುರುವು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಫೋಟೊದಲ್ಲಿ ಮುಖ್ಯವಾದದ್ದು ಕೆಂಪು ಮರಳುಗಲ್ಲಿನ ಮೇಲೆ ಜಾರುವ ಬೆಳಕು-ನೆರಳು. ಜಿಫ್‌ನ 256 ಬಣ್ಣಗಳಲ್ಲಿ ಮೈಯ ಉಬ್ಬು ಮೆಟ್ಟಿಲುಮೆಟ್ಟಿಲಾಗುತ್ತದೆ. ಅದನ್ನು ಮರೆಸಲು ಚುಕ್ಕೆ ಬೆರೆಸಿದರೆ ಫೈಲು ಊದಿಕೊಳ್ಳುತ್ತದೆ, ಕಲ್ಲಿಗೆ ಸಿಡುಬು ಎದ್ದಂತಾಗುತ್ತದೆ. ಜೆಪೆಗ್ ಗಾತ್ರವನ್ನು ಹತ್ತನೆಯ ಒಂದಕ್ಕೆ ಇಳಿಸಿಯೂ ಕಲ್ಲನ್ನು ಕಲ್ಲಾಗಿಯೇ ತೋರಿಸುತ್ತದೆ. ತೆರೆಯುವಾಗ 386 ಯಂತ್ರ ಏದುಸಿರು ಬಿಡುತ್ತಿತ್ತು, ನಿಜ.

ಆದರೂ ಸೀರೆಗೂ ಶಿಲ್ಪಕ್ಕೂ ಜೆಪೆಗ್ ಒಂದೇ ರೂಢಿಯಾದದ್ದನ್ನು ನಾನು ಒಪ್ಪಲಾರೆ. 1994ರ ಕೊನೆಗೆ ಜಿಫ್‌ಗೆ ಪೇಟೆಂಟಿನ ತಕರಾರು ಸುತ್ತಿಕೊಂಡಿತು; 1996ರಲ್ಲಿ ಪಿಎನ್‌ಜಿ ಬಂತು. ಅದಕ್ಕೆ 256ರ ಮಿತಿಯಿಲ್ಲ, ಒಂದು ಚುಕ್ಕೆಯನ್ನೂ ಕಳೆಯದು. ನಟರಾಜನ ಫೋಟೊಗೆ ಅದು ಭಾರ. ಸೆರಗಿನ ನಕ್ಷೆಗೆ ಇವತ್ತಿಗೂ ನನ್ನ ಮತ ಅದಕ್ಕೇ.