ಮಾಹಿತಿದಾರರು 14

ಮೈಸೂರಿನ ಒಂದು ಗ್ರಂಥಾಲಯದಲ್ಲಿ ಪಿಎಚ್.ಡಿ. ಪ್ರಬಂಧಗಳ ಕಪಾಟುಗಳ ನಡುವೆ ಕೆಲವು ಮಧ್ಯಾಹ್ನಗಳನ್ನು ಕಳೆದಿದ್ದೇನೆ. ರೇಷ್ಮೆಹುಳುವಿನ ರೋಗ, ಗಂಗರ ಶಾಸನ, ಸಹಕಾರಿ ಸಂಘದ ಸಾಲ, ಕಂಸಾಳೆ ಪದ ಎಲ್ಲವೂ ಒಂದೇ ಬಣ್ಣದ ರಟ್ಟು ತೊಟ್ಟು ಭುಜಕ್ಕೆ ಭುಜ ತಾಗಿಸಿ ಕೂತಿದ್ದವು. ಈ ವೈವಿಧ್ಯ ಕಂಡು ಹೆಮ್ಮೆಪಡದವರಾರು? ನಾನೂ ಪಟ್ಟೆ, ಮಿಶ್ರಬೆಳೆಯ ಮೇಲಿನ ಪ್ರಬಂಧವೊಂದನ್ನು ತೆರೆಯುವವರೆಗೆ. ಅದರಲ್ಲಿ ನಮ್ಮ ಹರವೆಯ ಕಡೆ ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಕ್ರಮವಿತ್ತು; ಬಿತ್ತನೆ ಬೀಜವನ್ನು ಬೂದಿ ಬೆರೆಸಿ ಕಾಯುವ ವಿವರವಿತ್ತು. ಮಾತಿನ ಜಾಡಿನಿಂದಲೇ ಅದು ನನ್ನವ್ವನದೆಂದು ತಿಳಿಯಿತು. ನಮ್ಮ ಜಗಲಿಯ ಮೇಲೆ ಎರಡು ದಿನ ಕೂತು ಬರೆದುಕೊಂಡು ಹೋದ ಹುಡುಗ ನೆನಪಾದ. ಅಡಿಟಿಪ್ಪಣಿಯಲ್ಲಿ ಇದ್ದದ್ದು ಇಷ್ಟೆ: ‘ಮಾಹಿತಿದಾರರು 14, ಹೆಣ್ಣು, ಅನಕ್ಷರಸ್ಥೆ.’

ಅಂದಿನಿಂದ ಯಾವ ಶಾಸ್ತ್ರದ ಪುಸ್ತಕ ಸಿಕ್ಕಿದರೂ ನಾನು ಮೊದಲು ನೋಡುವುದು ಒಂದನ್ನೇ: ಹೇಳಿಕೊಟ್ಟವರನ್ನು ಇದು ಏನೆಂದು ಕರೆದಿದೆ?

ಶಾಸನದವರು ಈ ವಿಷಯದಲ್ಲಿ ಪ್ರಾಮಾಣಿಕರು. ಬಿ.ಎಲ್. ರೈಸ್ 1898ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕಲ್ಲುಗಳಿವೆ. ಪ್ರತಿ ಕಲ್ಲಿಗೂ ಅದರ ಊರಿನ ಹೆಸರುಂಟು. ಕಲ್ಲಿಗೆ ಸಂದ ಈ ಮರ್ಯಾದೆ ಮನುಷ್ಯರಿಗೆ ಯಾವಾಗಲೂ ಸಂದಿಲ್ಲ. ಮುಂದೆ ಮೈಸೂರು ವಿಶ್ವವಿದ್ಯಾಲಯದ ಅಂಗವಾದ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಜಗತ್ತೇ ಬೆರಗಾಯಿತು. ಆ ಓಲೆಗರಿಯನ್ನು ತಂದುಕೊಟ್ಟವರು ಮಾತ್ರ ಇಂದಿಗೂ ‘ತಂಜಾವೂರು ಸೀಮೆಯ ಒಬ್ಬ ಪಂಡಿತರು’.

ಸಮಾಜಶಾಸ್ತ್ರದ ದಾರಿ ಬೇರೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಬಂದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಟಿಪ್ಪಣಿಗಳು ಬೆಂಕಿಗೆ ಸಿಕ್ಕ ಮೇಲೆ ನೆನಪಿನಿಂದಲೇ ಬರೆದರು. 1976ರಲ್ಲಿ ಬಂದ ಆ ಪುಸ್ತಕದಲ್ಲಿ ಜನರು ಉಸಿರಾಡುತ್ತಾರೆ, ಆದರೆ ಊರಿಗೆ ಇಟ್ಟದ್ದು ‘ರಾಂಪುರ’ ಎಂಬ ಸುಳ್ಳು ಹೆಸರು. ಸ್ಕಾರ್ಲೆಟ್ ಎಪ್‌ಸ್ಟೀನ್ ಮಂಡ್ಯದ ಎರಡು ಹಳ್ಳಿಗಳಿಗೂ ಹಾಗೆಯೇ ಮಾಡಿದರು. ಇದನ್ನು ನಾನು ಹಳಿಯಲಾರೆ. ಜಗಳ, ಜಾತಿ, ಸಾಲಸೋಲ ಬರೆಯುವಾಗ ಹೆಸರು ಮುಚ್ಚುವುದೇ ಮರ್ಯಾದೆ. ಅಕ್ಕಡಿ ಸಾಲಿನಲ್ಲಿ ಮುಚ್ಚಬೇಕಾದ ಗುಟ್ಟು ಏನಿದೆ? ಅದು ವಿದ್ಯೆ. ಒಂದು ಶಾಸ್ತ್ರ ಕರುಣೆಯಿಂದ ಕಲಿತ ಅಭ್ಯಾಸವನ್ನು ಇನ್ನೊಂದು ಶಾಸ್ತ್ರ ಸೋಮಾರಿತನದಿಂದ ಎರವಲು ಪಡೆದಿದೆ ಎಂದು ನನ್ನ ಅನುಮಾನ.

ಬೇರೆ ರೀತಿಯೂ ಸಾಧ್ಯ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆಮಾದೇಶ್ವರ ಮಹಾಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಹೋದಾಗ, ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರು ಪುಸ್ತಕದ ಜೊತೆಗೇ ಹೋಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ತರಗು ಬೆಂಕಿ ನಿಲ್ಲಿಸಿದ್ದರಿಂದಲೇ ಲಂಟಾನ ಕಾಡು ತುಂಬಿತೆಂದು ಸೋಲಿಗರು ಹೇಳುತ್ತ ಬಂದಿದ್ದರು. ಪರಿಸರ ವಿಜ್ಞಾನಿಗಳು ಅದನ್ನು ಬರಿಯ ಮಾಹಿತಿಯೆನ್ನದೆ ಒಂದು ವಾದವೆಂದೇ ಎಣಿಸಿ ತಮ್ಮ ಅಳತೆಗಳ ಪಕ್ಕದಲ್ಲಿಟ್ಟು ನೋಡಿದರು, 2012ರಲ್ಲಿ ಪ್ರಕಟಿಸಿದರು. ಸೋಲಿಗರೇ ಆದ ಸಿ. ಮಾದೇಗೌಡರು ಅದಕ್ಕೂ ಮೊದಲೇ ತಮ್ಮ ಜನರ ಅರಿವಿನ ಮೇಲೆ ತಮ್ಮದೇ ಹೆಸರಿನಲ್ಲಿ ಬರೆದಿದ್ದರು.

2023ರಲ್ಲಿ ಚಾಮರಾಜನಗರಕ್ಕೇ ಒಂದು ವಿಶ್ವವಿದ್ಯಾಲಯ ಬಂತು. 2025ರಲ್ಲಿ, ದುಡ್ಡು ಸಾಲದೆಂದು, ಅದನ್ನೂ ಸೇರಿಸಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಎದ್ದಿತು. ನನಗೆ ಅದು ಬೇಕೆನಿಸಿದ್ದು ಕಟ್ಟಡಕ್ಕಾಗಿ ಅಲ್ಲ. ಬರೆದವನು ಬರೆದದ್ದನ್ನು ಹೇಳಿದವರ ಮುಂದೆ ಓದಿ ಬರಲು ಒಂದು ಬಸ್ಸಿನ ದೂರ ಸಾಕಾಗುತ್ತಿತ್ತು.

ಕೊನೆಗೆ ಆ ಪುಟಗಳ ಜೆರಾಕ್ಸ್ ತಂದು ನಾನೇ ಅವ್ವನಿಗೆ ಓದಿದೆ. ಹೆಸರಿಲ್ಲದ್ದಕ್ಕೆ ಅವಳು ಬೇಸರಪಡಲಿಲ್ಲ. ‘ಅವರೆಯನ್ನು ಎಂಟು ಸಾಲಿಗೊಂದು’ ಎಂಬಲ್ಲಿ ಮಾತ್ರ ಕೈಯೆತ್ತಿ ನಿಲ್ಲಿಸಿದಳು.

“ಎಂಟು ಅಂತ ಯಾರಂದ್ರು? ಆರು ಸಾಲ್ಗೊಂದು ಕನಪ್ಪ.”