ಮೊದಲು ಕಣ್ಣು, ಆಮೇಲೆ ಕ್ಲಚ್ಚು

ಏಪ್ರಿಲ್ ಬಂತೆಂದರೆ ಊರಾಚೆಯ ಹೊಸ ಲೇಔಟುಗಳಲ್ಲಿ ಈ ದೃಶ್ಯ ತಪ್ಪದು. ಇನ್ನೂ ಮನೆಗಳೇಳದ ಖಾಲಿ ರಸ್ತೆ, ಮುಗ್ಗರಿಸುತ್ತ ಸಾಗುವ ಕಾರು, ಸ್ಟೇರಿಂಗ್ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ, ಪಕ್ಕದಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕೂತ ಅಪ್ಪ. ಈಗಿಂದಲೇ ಕಲಿತರೆ ಮುಂದೆ ಒಳ್ಳೆ ಡ್ರೈವರ್ ಆಗುತ್ತಾನೆ ಅನ್ನುವುದು ಅಪ್ಪನ ಲೆಕ್ಕ. ಬೇಗ ಶುರು ಮಾಡಬೇಕು ಎಂಬಲ್ಲಿ ನನಗೂ ತಕರಾರಿಲ್ಲ. ಕ್ಲಚ್ಚಿನಿಂದ ಶುರು ಮಾಡುತ್ತಾರಲ್ಲ, ತಕರಾರು ಅಲ್ಲಿದೆ.

ಕಾನೂನಿನ ಮಾತನ್ನು ಬೇಗ ಮುಗಿಸಿಬಿಡೋಣ. ಕಾರಿಗೆ 18 ವರ್ಷ ತುಂಬಿರಬೇಕು. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಅದು ಲೂನಾ ಕಾಲದ ಅವಕಾಶ, ಈಗ ಮನೆಮನೆಯಲ್ಲಿರುವ 110, 125 ಸಿಸಿ ಸ್ಕೂಟರುಗಳಿಗೆ ದಕ್ಕುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಎಲ್‌ಎಲ್‌ಆರ್ ಕೂಡ ಇಲ್ಲ. ಲೇಔಟಿನ ರಸ್ತೆಯೂ ರಸ್ತೆಯೇ ಸ್ವಾಮಿ.

ಕ್ಲಚ್ಚು, ಗೇರು, ರಿವರ್ಸು ಎಲ್ಲ ಕೈಕಾಲಿನ ಕೆಲಸ. ಹದಿನೆಂಟು ತುಂಬಿದ ಮೇಲೆ ತಿಂಗಳೊಪ್ಪತ್ತಿನಲ್ಲಿ ಮೈಗೆ ಹತ್ತುತ್ತದೆ. ವರ್ಷಗಟ್ಟಲೆ ಹಿಡಿಯುವುದು ನೋಟ. ಅಮೆರಿಕದ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಾಲಕರ ಕಣ್ಣು ಎಲ್ಲೆಲ್ಲಿ ಹೋಗುತ್ತದೆಂದು ದಾಖಲಿಸಿದ್ದರು. ಹೊಸಬರು ಬಾನೆಟ್ಟಿನ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು, ಕನ್ನಡಿ ನೋಡುವುದು ಅಪರೂಪವಾಗಿತ್ತು. ಪಳಗಿದವರ ಕಣ್ಣು ದೂರಕ್ಕೆ ಹೋಗಿ ಬರುತ್ತಿತ್ತು. ಈ ಪಳಗುವಿಕೆಗೆ ಲೈಸೆನ್ಸೇನೂ ಬೇಡ. ಅಪ್ಪನ ಪಕ್ಕದ ಎಡಗಡೆ ಸೀಟು ಸಾಕು, ಜೊತೆಗೆ ಮೊಬೈಲನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಹಾಕುವ ಮನಸ್ಸಿರಬೇಕು. ಎರಡನೆಯದು ಕಷ್ಟ, ಬಲ್ಲೆ.

ಬ್ರಿಟಿಷ್ ಪೊಲೀಸರ ಚಾಲನಾ ತರಬೇತಿಯಲ್ಲಿ ಒಂದು ಹಳೆಯ ಪದ್ಧತಿಯಿದೆ. ರಸ್ತೆಯಲ್ಲಿ ಏನು ಕಾಣುತ್ತಿದೆ, ಅದರಿಂದ ಏನಾಗಬಹುದು, ತಾನೇನು ಮಾಡಬೇಕು ಎಂಬುದನ್ನು ಚಾಲಕ ಬಾಯಿಬಿಟ್ಟು ಹೇಳುತ್ತ ಹೋಗಬೇಕು, ಕ್ರಿಕೆಟ್ ಕಾಮೆಂಟರಿಯ ಹಾಗೆ. ಎಡಗಡೆ ಸೀಟಿನಲ್ಲಿ ಕೂತವರೂ ಇದನ್ನು ಮಾಡಬಹುದು. ಪಿಯುಸಿ ಓದುವ ನನ್ನ ಅಕ್ಕನ ಮಗಳಿಗೆ ಈ ಹುಚ್ಚು ಹತ್ತಿಸಿದ್ದೇನೆ. ಮೂಡಿಗೆರೆ ದಾಟಿದಲ್ಲಿಂದ ಅವಳ ವರದಿ ಶುರು. "ಮುಂದೆ ಬಸ್ ನಿಂತಿದೆ ಮಾವ, ಅಡಿಯಿಂದ ಯಾರದೋ ಕಾಲು ಕಾಣ್ತಿದೆ, ದಾಟ್ತಾರೆ." "ಆ ಕಾರಲ್ಲಿ ಡ್ರೈವರ್ ಕೂತಿದಾನೆ, ಮುಂದಿನ ಚಕ್ರ ತಿರುಗಿದೆ, ಹೊರಡ್ತಾನೆ." ಆಟೋದ ಇಂಡಿಕೇಟರ್ ಅವಳು ನಂಬುವುದಿಲ್ಲ, ಮುಂಚಕ್ರ ನೋಡುತ್ತಾಳೆ. ಇಷ್ಟು ಬಂದರೆ ಅರ್ಧ ಡ್ರೈವಿಂಗ್ ಬಂದ ಹಾಗೆ.

ಉಳಿದರ್ಧಕ್ಕೆ ಘಾಟಿ ಬೇಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು (ತಿನ್ನದೆ ಇಳಿಯುವುದು ನನ್ನ ಪ್ರಕಾರ ಅಪರಾಧ) ಚಾರ್ಮಾಡಿ ಇಳಿಯುವಾಗ ತಿರುವನ್ನು ಓದುವುದು ಹೇಗೆಂದು ಅವಳಿಗೆ ತೋರಿಸಿದೆ. ರಸ್ತೆಯ ಎಡ ಬಲ ಅಂಚುಗಳೆರಡೂ ಮುಂದೆಲ್ಲೋ ಒಂದು ಕಡೆ ಕೂಡಿದಂತೆ ಕಾಣುತ್ತವಲ್ಲ, ಕಣ್ಣು ಅಲ್ಲಿರಲಿ. ನಾವು ಸಾಗಿದಂತೆ ಆ ಬಿಂದು ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ ಎಂದರ್ಥ, ವೇಗ ಕೊಡಬಹುದು. ಅದು ನಮ್ಮತ್ತಲೇ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಲೇಬೇಕು. ಯಾವ ಹೊತ್ತಿನಲ್ಲೂ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸುವಷ್ಟೇ ವೇಗ. ಮಂಜು ಮುಸುಕಿದರೆ ಆ ದೂರ ಎಷ್ಟಾಯಿತು, ವೇಗ ಎಷ್ಟಿರಬೇಕು ಎಂದು ಅವಳೇ ಹೇಳಬೇಕು. ಹತ್ತಿ ಬರುವ ಲಾರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಘಾಟಿಯ ಡ್ರೈವರುಗಳ ಕಟ್ಟಳೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಜಾಣರಿದ್ದಾರೆ. ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಕೊನೆಗೆ ಹಿಡಿಯದೇ ಹೋಗುತ್ತದೆ.

ಸೈಕಲ್ಲನ್ನೂ ಮರೆಯಬೇಡಿ. ಮರಳು ಚೆಲ್ಲಿದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಏನಾಗುತ್ತದೆಂದು ಮೊಣಕಾಲಿಗೆ ಕಲಿಸುವ ಗುರು ಅದೊಂದೇ. ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡಿ ಹುರುಳಿ ಹರಡಿರುತ್ತಾರಲ್ಲ, ಅದರ ಮೇಲೆ ಚಕ್ರ ಹೇಗೆ ಜಾರುತ್ತದೆಂದು ಸೈಕಲ್ ಹೊಡೆದವರಿಗೆ ಗೊತ್ತು. ಕಾರಿನವರಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ವೇಗ 30ರಿಂದ 60ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹೈಸ್ಕೂಲಿನ ಭೌತಶಾಸ್ತ್ರವೇ ಇದು, ಪರೀಕ್ಷೆಗೆ ಓದಿ ಬಿಟ್ಟಿರುತ್ತಾರೆ ಅಷ್ಟೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನಮ್ಮದು ಅದೇ ಕಂಬ ತಲುಪಲು ಎರಡು ಸೆಕೆಂಡಾದರೂ ಹಿಡಿಯಬೇಕು, ಮಳೆಯಲ್ಲಿ ನಾಲ್ಕು. ಎಡಗಡೆ ಸೀಟಿನಲ್ಲಿ ಕೂತ ಮಗ ಇದನ್ನು ಎಣಿಸಲು ಶುರು ಮಾಡಿದರೆ ಮೊದಲು ತಿದ್ದಿಕೊಳ್ಳುವವರು ಅಪ್ಪಂದಿರೇ.

ಸ್ಟೆಪ್ನಿ ಬದಲಿಸುವುದು, ಟೈರಿನ ಗಾಳಿ ನೋಡುವುದು ಹದಿನಾಲ್ಕಕ್ಕೇ ಬರಲಿ. ಕಾನೂನಿನ ಅಡ್ಡಿಯಿಲ್ಲ.

ಹದಿನೆಂಟು ತುಂಬಿತು, ಎಲ್‌ಎಲ್‌ಆರ್ ಕೈಗೆ ಬಂತು ಅನ್ನಿ. ಅದು 6 ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದರೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಮೂವತ್ತೊಂದನೇ ದಿನವೇ ಆರ್‌ಟಿಒ ಮೈದಾನಕ್ಕೆ ಓಡಬೇಡಿ. ಹಿಂದೆ ಮುಂದೆ ಎಲ್ ಬೋರ್ಡ್ ಅಂಟಿಸಿ, ಲೈಸೆನ್ಸ್ ಇರುವ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಳೆಯಲ್ಲಿ, ರಾತ್ರಿಯಲ್ಲಿ, ಸಂತೆ ದಿನದ ರಸ್ತೆಯಲ್ಲಿ ಸಾಕಷ್ಟು ಓಡಿಸಿ. ಪರೀಕ್ಷೆ ಆಮೇಲೆ ಕೊಡಿ.