ಬೀಳು ಹೊಲದ ಲೆಕ್ಕ

ಧಾರವಾಡ ಜಿಲ್ಲೆಯ ಮೂಡಣಕ್ಕೆ, ನವಲಗುಂದ–ಅಣ್ಣಿಗೇರಿ ಕಡೆ, ಎರೆ ಭೂಮಿ. ಪಡುವಣಕ್ಕೆ ಕಲಘಟಗಿಯತ್ತ ಹೋದಂತೆ ಮಸಾರಿ. ಅಲ್ಲಿನ ಇಳಿಜಾರಿನಲ್ಲಿ ಮೇಲ್ಮಣ್ಣು ತೊಳೆದುಹೋಗಿ ಗರಸು ಎದ್ದ ಹೊಲಗಳಲ್ಲಿ ಬೀಜದ ಖರ್ಚೂ ಹುಟ್ಟದ ವರ್ಷಗಳುಂಟು. ಇಂಥ ಹೊಲವನ್ನು ಉಳುವುದು ಬಿಟ್ಟು ಗಿಡಮರಕ್ಕೆ ಒಪ್ಪಿಸಬೇಕೆಂಬ ವಿಚಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಮಣ್ಣು ಚೇತರಿಸಿಕೊಳ್ಳುವ ತನಕ ಆ ಮನೆಯ ಒಲೆ ಹೇಗೆ ಉರಿಯಬೇಕು ಎಂಬುದಕ್ಕೂ ಅದು ಉತ್ತರ ಕೊಡಬೇಕು.

ಧಾರವಾಡದ ಹತ್ತಿರ ದಡ್ಡಿ ಕಮಲಾಪುರದಲ್ಲಿ ವೈದ್ಯರಾದ ಡಾ. ಸಂಜೀವ ಕುಲಕರ್ಣಿಯವರು ಸುಮಾರು 17 ಎಕರೆಯನ್ನು ಕಾಡಾಗಿ ಬೆಳೆಯಗೊಟ್ಟ ‘ಸುಮನ ಸಂಗಮ’ವಿದೆ. ದಣಿದ ನೆಲ ಮತ್ತೆ ಹಸುರಾಗಬಲ್ಲದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಇಂಗ್ಲೆಂಡಿನ ನೆಪ್ ಎಸ್ಟೇಟ್ ಕೂಡ ಜಿಗುಟು ಮಣ್ಣಿನ ಬೇಸಾಯದಲ್ಲಿ ಸೋತು, 2000ದ ನಂತರ ಸುಮಾರು 3,500 ಎಕರೆಯನ್ನು ಕಾಡಿಗೆ ಬಿಟ್ಟಿತು. ಅದಕ್ಕೆ ಸರ್ಕಾರದ ಸಹಾಯಧನದ ಆಸರೆಯೂ ಇತ್ತು. ಒಂದು ಕಡೆ ವೃತ್ತಿಯ ಗಳಿಕೆ, ಇನ್ನೊಂದು ಕಡೆ ಸಹಾಯಧನ. ಮೂರು ಎಕರೆಯ ರೈತನಿಗೆ ಇವೆರಡೂ ಇಲ್ಲ.

ಆತನಿಗೆ ಒಗ್ಗುವ ದಾರಿ ಕಲಘಟಗಿ ತಾಲ್ಲೂಕಿನ ಸುರಶೆಟ್ಟಿಕೊಪ್ಪದಲ್ಲಿದೆ. ಬೈಫ್ ಸಂಸ್ಥೆ ಗುಜರಾತಿನ ವಾಂಸದಾದಲ್ಲಿ 1982ರಲ್ಲಿ ಶುರುಮಾಡಿದ ‘ವಾಡಿ’ ಪದ್ಧತಿಯ ಜಾಡಿನಲ್ಲೇ ಇಲ್ಲಿ ಮರಾಧಾರಿತ ಬೇಸಾಯ ಬೆಳೆಯಿತು. ಇಳಿಜಾರಿಗೆ ಅಡ್ಡಲಾಗಿ ಅಗಳು ತೋಡಿ, ತೆಗೆದ ಮಣ್ಣನ್ನೇ ಬದುವಾಗಿ ಏರಿಸುತ್ತಾರೆ. ಬದುವಿನ ಮೇಲೆ ಕಾಡುಮರ, ಗೊಬ್ಬರದ ಗಿಡ. ಹೊಲದೊಳಗೆ ದೂರದೂರ ಮಾವು, ಗೋಡಂಬಿ. ಸಾಲುಗಳ ನಡುವೆ ಎಂದಿನ ಬೆಳೆ. ಹರಿದುಹೋಗುತ್ತಿದ್ದ ಮಳೆನೀರು ಕೃಷಿಹೊಂಡಕ್ಕೆ ಇಳಿಯುತ್ತದೆ. ಗಿಡ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೂ ಕಾಳು ಮನೆಗೆ ಬರುತ್ತಲೇ ಇರುತ್ತದೆ. ಈ ಪದ್ಧತಿಯ ಜಾಣತನವೆಲ್ಲ ಇದರಲ್ಲೇ ಇದೆ.

ಇದು ಪೂರ್ತಿ ಕಾಡಲ್ಲ, ನಿಜ. ಎರಡೇ ಜಾತಿಯ ಹಣ್ಣಿನ ಗಿಡಕ್ಕೆ ಜೋತುಬಿದ್ದರೆ ಮಾವಿನ ದರ ಕುಸಿದ ವರ್ಷ ರೈತನೂ ಕುಸಿಯುತ್ತಾನೆ. ಹಕ್ಕಿಗೆ, ಜೇನಿಗೆ ನೆಲೆ ಸಿಗುವುದು ಮುಖ್ಯವಾಗಿ ಬದುವಿನಲ್ಲೇ. ಆ ಬದುವನ್ನು ಇನ್ನಷ್ಟು ಅಗಲ ಮಾಡಿ, ತಾನಾಗಿ ಹುಟ್ಟಿದ್ದನ್ನು ಕಡಿಯದೆ ಬಿಡಬೇಕಿತ್ತು ಎಂಬುದು ನನ್ನ ತಕರಾರು.

‘ಉಪಯೋಗಕ್ಕೆ ಬಾರದ ಭೂಮಿ’ ಎಂದು ಹೊರಗಿನವರು ಹೆಸರಿಟ್ಟಾಗ ಏನಾಗುತ್ತದೆ ಎಂಬುದೂ ಈ ಸೀಮೆಗೆ ಗೊತ್ತು. 1980ರ ದಶಕದಲ್ಲಿ ಸರ್ಕಾರ, ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕಟ್ಟಿದ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಕೊಡಹೊರಟಿತು. ಆ ‘ಪಾಳು’ ಭೂಮಿಯಲ್ಲೇ ಊರಿನ ದನ ಮೇಯುತ್ತಿದ್ದವು, ಉರುವಲು ಅಲ್ಲಿಂದಲೇ ಬರುತ್ತಿತ್ತು. 1987ರ ನವೆಂಬರ್ 14ರಂದು ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಯಾವ ನೆಲಕ್ಕೆ ಯಾವ ಗಿಡ ಎಂದು ಹೇಳುವ ಹಕ್ಕು ಅದನ್ನು ನಂಬಿ ಬದುಕುವವರದು.

ಈಗಿನ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಆ ಹಕ್ಕನ್ನು ರೈತನಿಗೆ ಕೊಟ್ಟಿದೆ, ಅದು ಒಳ್ಳೆಯದು. 2011–12ರಿಂದ ಇರುವ ಈ ಯೋಜನೆಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ತಂದು ನೆಟ್ಟ ಸಸಿ ಬದುಕುಳಿದರೆ ಮೂರು ವರ್ಷ ಹಣ ಸಿಗುತ್ತದೆ. ಆದರೆ ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಬೇವನ್ನು ದನದ ಬಾಯಿಂದ ತಪ್ಪಿಸಿ ಕಾಪಾಡಿದವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಹೊಲವನ್ನು ಕಾಡಿಗೆ ಮರಳಿಸುವ ಮಾತನ್ನು ಸರ್ಕಾರ ಗಂಭೀರವಾಗಿ ಆಡುವುದಾದರೆ ಮೊದಲು ತಿದ್ದಬೇಕಾದ್ದು ಈ ನಿಯಮವನ್ನೇ.